ಖಾಲಿ ಕ್ರೇಟಿನ ತೂಕ

ಜೂನ್ ತಿಂಗಳ ಮೊದಲ ಮಂಗಳವಾರ, ಬೆಳಗ್ಗೆ ಐದು ನಲವತ್ತಕ್ಕೆ, ಕದಿರೇಶ ತನ್ನ ಹೆಂಡತಿಯನ್ನು ಶ್ರೀನಿವಾಸಪುರದ ಮಾವಿನ ಮಂಡಿಯ ತಕ್ಕಡಿ ಮೇಲೆ ನಿಲ್ಲಿಸಿ ಮೆಲ್ಲಗೆ ಕೈ ಬಿಟ್ಟ. ಬಿಟ್ಟ ಕೈಯನ್ನು ಪೂರ್ತಿ ಇಳಿಸಲಿಲ್ಲ. ಅವಳು ವಾಲಿದರೆ ಹಿಡಿಯುವಷ್ಟು ಹತ್ತಿರ, ಆದರೆ ಮೈಗೆ ತಾಗದಷ್ಟು ದೂರ ಇಟ್ಟುಕೊಂಡ. ಕೆಂಪು ಅಂಕಿಗಳು ಒಂದಿಷ್ಟು ಕುಣಿದು ನಿಂತವು.

“ನಲವತ್ತು ಕೆ.ಜಿ. ನೂರು ಗ್ರಾಂ!”

“ಯಾಕ್ರೀ ಊರಿಗೆಲ್ಲ ಸಾರ್ತೀರಾ? ನಾನೇನು ಬೇನಿಷಾ ಮಾವಿನಕಾಯಾ, ಹರಾಜಿಗೆ ನಿಲ್ಸಿದ್ದೀರಾ?” ಎಂದಳು ಮುನಿಲಕ್ಷ್ಮಿ.

ಅವನಿಗೆ ಪಿಸುಗುಟ್ಟಿ ತೂಕ ಹೇಳಲು ಬರುತ್ತಿರಲಿಲ್ಲ. ಮಂಡಿಯಲ್ಲಿ ತೂಕವನ್ನು ಕೂಗಿಯೇ ಹೇಳಬೇಕು. ಮಾವು ಬೆಳೆದವನು ಅಂಗಳದ ಯಾವ ಮೂಲೆಯಲ್ಲಿ ನಿಂತಿದ್ದರೂ ಅವನ ಕಿವಿಗೆ ಬೀಳಬೇಕು. ಹುಡುಗನಾಗಿದ್ದಾಗ ಗೌನಿಪಲ್ಲಿ ಕಡೆಯಿಂದ ಹಮಾಲಿ ಕೆಲಸಕ್ಕೆ ಬಂದ ಅವನನ್ನು ಮಂಡಿಯ ಈಗಿನ ಮಾಲೀಕ ಓಬೇದುಲ್ಲಾ ಭಾಯ್ ಅವರ ತಂದೆ ತಕ್ಕಡಿಯ ಬಳಿ ನಿಲ್ಲಿಸಿದ್ದು ಈ ಗಂಟಲಿಗಾಗಿ, ಮತ್ತೆ ಕೈಯಲ್ಲಿ ಮೋಸ ಇಲ್ಲವೆಂಬುದಕ್ಕಾಗಿ. ಅವನಿಗೆ ಈಗ ಐವತ್ತೆಂಟು. ತಕ್ಕಡಿ ಬದಲಾಗಿದೆ, ನಿಂತ ಜಾಗ ಬದಲಾಗಿಲ್ಲ. ದಿನದ ಮೊದಲ ಕ್ರೇಟಿಗೆ ಅವನು ‘ಒಂದು’ ಎನ್ನುವುದಿಲ್ಲ. ಮಂಡಿಯ ಪದ್ಧತಿಯಂತೆ ‘ಲಾಭ’ ಎನ್ನುತ್ತಾನೆ, ಆಮೇಲೆ ಎರಡು, ಮೂರು. ತುಂಬಿದ ಕ್ರೇಟಿನ ತೂಕದಲ್ಲಿ ಖಾಲಿ ಕ್ರೇಟಿನದನ್ನು ಕಳೆದರೆ ಉಳಿದದ್ದು ಹಣ್ಣು. ಅವನಿಗೆ ಗೊತ್ತಿದ್ದ ಲೆಕ್ಕ ಅಷ್ಟೇ. ಸಾವಿನ ಬಗ್ಗೆ ಗೊತ್ತಿದ್ದದ್ದೂ ಅಷ್ಟೇ ಆಗಿತ್ತು. ತಾಯಿ ತೀರಿಕೊಂಡ ದಿನ, ಎದೆ ಬಡಿದುಕೊಳ್ಳುತ್ತಿದ್ದ ಅಕ್ಕ ಶಾಮಲಮ್ಮನಿಗೆ, “ಅಳಬೇಡ ಕಣಕ್ಕಾ, ಹಣ್ಣು ಹೋಯ್ತು, ಕ್ರೇಟು ಇಲ್ಲೈತೆ” ಎಂದಿದ್ದ. ಆ ಮಾತನ್ನು ಅವನು ಮನಸಾರೆ ನಂಬಿದ್ದ.

ಮುನಿಲಕ್ಷ್ಮಿಯನ್ನು ಮೊದಲು ಕಂಡದ್ದು ಕೂಡ ತಕ್ಕಡಿಯ ಮೇಲೆಯೇ. ಅವಳು ಹತ್ತೊಂಬತ್ತರ ಹುಡುಗಿ, ಕಾಯಿ ಕೀಳುವ ಹೆಂಗಸರ ಜೊತೆ ಲಾರಿಯಲ್ಲಿ ಬಂದಿದ್ದಳು. ಅವರೇ ಅವಳನ್ನು ತಕ್ಕಡಿಯ ಮೇಲೆ ನೂಕಿ, “ಇದ್ನೂ ತೂಗಣ್ಣೋ, ಮದುವೆಗೆ ಬಂದೈತೆ!” ಎಂದು ನಕ್ಕರು. ಕದಿರೇಶ ನಗಲಿಲ್ಲ. ಹಳೆಯ ತಕ್ಕಡಿಯ ಕಂಬಿ ಸಮಕ್ಕೆ ಬರುವವರೆಗೆ ಗುಂಡನ್ನು ಸರಿಸಿ, ಇಡೀ ಅಂಗಳಕ್ಕೆ ಕೂಗಿದ: “ನಲವತ್ತಾರೂವರೆ!” ಅವಳು ಕೆಳಗೆ ಹಾರಿ, “ಬಳೆ ತೂಕ ಯಾರು ಕಳೀತಾರೆ, ನಿಮ್ಮಪ್ಪನಾ?” ಎಂದು ಬೈದಳು. ಮುಂದಿನ ಬೇಸಿಗೆಗೆ ಮದುವೆಯಾಯಿತು. ಮಕ್ಕಳಾಗಲಿಲ್ಲ.

ಎರಡು ವರ್ಷದ ಹಿಂದೆ ಅವಳ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದವು. ಮಂಗಳವಾರ, ಶುಕ್ರವಾರ ಡಯಾಲಿಸಿಸ್. ದೇಹ ಹೊರಹಾಕಲಾಗದ ನೀರು ಮೈಯಲ್ಲೇ ಸೇರುತ್ತಿತ್ತು, ಯಂತ್ರ ಅದನ್ನು ತೆಗೆಯುತ್ತಿತ್ತು. ಎಷ್ಟು ತೆಗೆಯಬೇಕೆಂದು ತೂಕ ನೋಡಿ ತೀರ್ಮಾನ. ಡಯಾಲಿಸಿಸ್ ಕೇಂದ್ರದಲ್ಲೂ ತಕ್ಕಡಿ ಇತ್ತು. ಆದರೆ ಅದರ ಒಂದು ಕಾಲು ನೆಲಕ್ಕೆ ಸರಿಯಾಗಿ ಕೂತಿಲ್ಲವೆಂದು ಕದಿರೇಶ ಮೊದಲ ದಿನವೇ ಕಂಡಿದ್ದರಿಂದ, ಹೋಗುವ ದಾರಿಯಲ್ಲಿ ಅವಳನ್ನು ಮಂಡಿಯಲ್ಲಿ ತೂಗಿಯೇ ಮುಂದೆ ಕರೆದೊಯ್ಯುತ್ತಿದ್ದ.

ಅವನ ಹಣ್ಣು ಮತ್ತು ಕ್ರೇಟಿನ ನಂಬಿಕೆ ಕೆಟ್ಟದ್ದು ಸೋಮವಾರಗಳಲ್ಲಿ. ಮೈಯ ವಿಷವೆಲ್ಲ ರಕ್ತದಲ್ಲಿ ಏರುತ್ತಿದ್ದ ಆ ದಿನಗಳಲ್ಲಿ ಅವಳಿಗೆ ಬುದ್ಧಿ ಮಂಕಾಗುತ್ತಿತ್ತು. ಗಂಡನನ್ನೇ ತೀರಿಹೋದ ತನ್ನ ಅಪ್ಪನೆಂದು ತಿಳಿದು, “ನಾಯ್ನಾ, ಎಮ್ಮೆ ಕಟ್ಟಿದೆಯಾ?” ಎಂದು ಕೇಳುತ್ತಿದ್ದಳು. ಅವನು “ಕಟ್ಟಿದೀನಮ್ಮ” ಎನ್ನುವವರೆಗೆ ಬಿಡುತ್ತಿರಲಿಲ್ಲ. ಮಂಗಳವಾರ ಬೆಳಗ್ಗೆ ಒಂದಿಷ್ಟು ತಿಳಿಯಾದರೂ ಮತ್ತೆ ಮಸುಕಾಗುತ್ತಿತ್ತು; ಮಧ್ಯಾಹ್ನ ಯಂತ್ರದಿಂದ ಬಿಡಿಸುವಷ್ಟರಲ್ಲಿ ಪೂರ್ತಿ ಮೊದಲಿನ ಮುನಿಲಕ್ಷ್ಮಿ. ನರ್ಸಮ್ಮನ ಜಡೆಗೆ ಹೆಸರಿಡುವಷ್ಟು ಚುರುಕು.

ಆ ಮಂಗಳವಾರವೂ ಹಾಗೆಯೇ ಆಯಿತು. ಮನೆಗೆ ಬರುವ ಆಟೋದಲ್ಲಿ ಅವಳೇ ಕೇಳಿದಳು.

“ನಿನ್ನೆ ನಾನು ಮತ್ತೆ ಎಮ್ಮೆ ಕೇಳಿದ್ನಾ?”

“ಕೇಳ್ದೆ. ಕಟ್ಟಾಯ್ತು ಬಿಡು.”

“ನಗಬೇಡಿ. ನಿನ್ನೆ ನಾನು ಇರ್ಲಿಲ್ಲ, ಇವತ್ತು ಇದ್ದೀನಿ. ಯಂತ್ರ ತೊಳೆದ್ರೆ ವಾಪಸ್ ಬರ್ತೀನಿ. ಹಂಗಾರೆ ನಾನಿರೋದೆಲ್ಲಿ, ರಕ್ತದಲ್ಲಾ?”

“ಅದು ಬುದ್ಧಿ ಕಣೇ. ಆತ್ಮ ಬೇರೆ.”

“ನಿಮ್ಮನ್ನ ಗುರುತು ಹಿಡಿಯೋದು ಬುದ್ಧಿ. ಎಮ್ಮೆ ನೆನಪಿರೋದು ಬುದ್ಧಿ. ಬೈಯೋದೂ ಬುದ್ಧಿ. ಇವೆಲ್ಲ ಕಳೆದ್ರೆ ಆತ್ಮ ಅಂತ ಏನುಳೀತು? ಯಾರಿಗೂ ಗುರುತು ಸಿಗದ ಆತ್ಮ ತಗೊಂಡು ನಾನೇನ್ ಮಾಡ್ಲಿ?”

ಕದಿರೇಶ ರಸ್ತೆ ನೋಡಿದ. ಅವಳು ಕೇಳುತ್ತಿರುವುದು ತಮಾಷೆಗಲ್ಲ ಎಂಬುದು ಅವನಿಗೆ ಗೊತ್ತಾಯಿತು. ತಾನು ಪೂರ್ತಿಯಾಗಿ ಆರಿಹೋಗುತ್ತೇನೋ ಇಲ್ಲವೋ ಎಂಬುದು ತಿಳಿಯದೆ ಸಾಯಲು ಅವಳಿಗೆ ಭಯವಿತ್ತು. ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ.

“ಒಂದು ಮಾತು ಕೊಡಿ,” ಎಂದಳು. “ನಾನು ಹೋದ ಮೇಲೆ ಒಂದ್ಸಲ ತೂಗಿ ನೋಡಿ. ಕಮ್ಮಿ ಬಂದ್ರೆ ಏನೋ ಎದ್ದುಹೋಯ್ತು ಅಂತ. ಬರ್ಲಿಲ್ಲಾಂದ್ರೆ ಏನೂ ಇರ್ಲಿಲ್ಲ ಅಂತ. ಯಾವುದಾದ್ರೂ ಸರಿ, ಮಂಡೀಲಿ ಕೂಗ್ದಂಗೆ ಕೂಗಿ ಹೇಳ್ಬೇಕು.”

“ಯಾರಿಗೆ ಹೇಳ್ಲಿ?”

“ನನಗೆ. ಇದ್ರೆ ಕೇಳಿಸ್ಕೊತೀನಿ.”

ಅವನು ಮಾತು ಕೊಟ್ಟ.

ಮರುದಿನ ಮಧ್ಯಾಹ್ನ ಮಂಡಿಯಲ್ಲಿ ಊಟದ ಹೊತ್ತಿಗೆ ಇದನ್ನು ಓಬೇದುಲ್ಲಾ ಭಾಯ್‌ಗೆ ಹೇಳಿದ. ಭಾಯ್ ತುತ್ತು ಕೆಳಗಿಟ್ಟರು.

“ರೂಹ್, ನೀವು ಆತ್ಮ ಅಂತೀರಲ್ಲ, ಅದು ಮೇಲಿರೋ ಮಾಲಿಕನ ಹುಕುಂ ಕದಿರೇಶಾ. ಹುಕುಂಗೆ ತೂಕ ಇರುತ್ತಾ? ಕಯಾಮತ್ ದಿನ, ಕೊನೇ ತೀರ್ಪಿನ ದಿನ, ಅಲ್ಲೊಂದು ತಕ್ಕಡಿ ಇಡ್ತಾರೆ. ಅದ್ರಲ್ಲಿ ತೂಗೋದು ಮಾಡಿದ ಕೆಲಸಗಳನ್ನ, ಮೈಯನ್ನಲ್ಲ.”

“ಅಲ್ಲಿ ತೂಕ ಕೂಗೋರು ಯಾರು ಭಾಯ್?”

“ನಿನ್ನನ್ನಂತೂ ಕರೆಯಲ್ಲ ಬಿಡು. ನಿನ್ನ ಗಂಟಲಿಗೆ ದೇವರ ಫರಿಷ್ತೆಗಳು ರೆಕ್ಕೆ ಬಿಚ್ಚಿ ಓಡಿಹೋಗ್ತಾರೆ.”

ಇಬ್ಬರೂ ನಕ್ಕರು. ಅದೇ ದಿನ ಸಂಜೆ ಮುನಿಲಕ್ಷ್ಮಿಗೆ ಚಳಿ ಜ್ವರ ಬಂತು.

ಶುಕ್ರವಾರದ ಹೊತ್ತಿಗೆ ಅವಳು ಕೋಲಾರದ ಒಂದು ಆಸ್ಪತ್ರೆಯಲ್ಲಿದ್ದಳು. ಸೋಂಕು ರಕ್ತಕ್ಕೆ ಇಳಿದಿತ್ತು. ರಕ್ತದೊತ್ತಡ ತೀರ ಕುಸಿದದ್ದರಿಂದ ಡಯಾಲಿಸಿಸ್ ಮಾಡಲಾಗುವುದಿಲ್ಲ ಎಂದರು ಡಾಕ್ಟರು. ಒತ್ತಡ ಏರಿಸಲು ನರಕ್ಕೆ ದ್ರವ ಬಿಡುತ್ತಿದ್ದರು, ಹೋಗುವ ದಾರಿ ಅದಕ್ಕಿರಲಿಲ್ಲ. ಕಾಲು ಊದಿತು, ಮುಖ ಊದಿತು, ಬಳೆ ಮುಂಗೈಯಲ್ಲಿ ಹೂತುಕೊಂಡಿತು. ಅವಳು ಕದಿರೇಶನನ್ನು ಎಮ್ಮೆಯ ಬಗ್ಗೆ ಕೇಳುತ್ತಲೇ ಇದ್ದಳು, ಆಮೇಲೆ ಅದನ್ನೂ ಕೇಳಲಿಲ್ಲ. ಅವಳು ವಾಪಸ್ ಬರುವ ಮಂಗಳವಾರಕ್ಕಾಗಿ ಅವನು ಕಾದ. ಮಂಗಳವಾರ ಬೆಳಗಾಗುವ ಮೊದಲೇ ಅವಳು ತೀರಿಕೊಂಡಳು.

ಶವದ ಗಾಡಿ ಶ್ರೀನಿವಾಸಪುರ ಸೇರಿ ಮಂಡಿಯ ಕಡೆ ತಿರುಗಿದಾಗ, ಪಕ್ಕದಲ್ಲಿ ಕೂತಿದ್ದ ಶಾಮಲಮ್ಮನಿಗೆ ಅರ್ಥವಾಯಿತು.

“ವದ್ದುರಾ, ಬೇಡ ಕಣೋ! ಹೆಣ ದಾರೀಲಿ ನಿಲ್ಲಿಸಬಾರದು. ಹೋದ ಜೀವ ಹಿಂದೆ ತಿರುಗಿ ನೋಡ್ತದೆ. ಹನ್ನೊಂದನೇ ದಿನ ಎಡೆ ಇಡ್ತೀವಲ್ಲ, ಕಾಗೆ ಮುಟ್ಟಿದ್ರೆ ಗೊತ್ತಾಗಲ್ವಾ, ಅವಳು ನೆಮ್ಮದಿಯಾಗಿದ್ದಾಳೆ ಅಂತ?”

“ಕಾಗೆ ಅನ್ನಕ್ಕೆ ಬರ್ತದೆ ಅಕ್ಕಾ. ನಾನು ಮಾತು ಕೊಟ್ಟಿದ್ದೀನಿ.”

ಮಂಡಿಯಲ್ಲಿ ಇನ್ನೂ ಮೊದಲ ಕ್ರೇಟು ತಕ್ಕಡಿ ಏರಿರಲಿಲ್ಲ. ಗೌನಿಪಲ್ಲಿಯ ಎರಡು ಲಾರಿಗಳು ಕಾಯುತ್ತಿದ್ದವು, ಹಮಾಲಿಗಳು ಟೀ ಲೋಟ ಹಿಡಿದು ನಿಂತಿದ್ದರು. ಬೋಣಿಯ ಹೊತ್ತಿನಲ್ಲಿ ತಕ್ಕಡಿಗೆ ಹೆಣ ಇಡುವುದೆಂದರೆ ಯಾವ ವ್ಯಾಪಾರಿಯೂ ಬಾಗಿಲು ಹಾಕಿಕೊಳ್ಳುವಂಥ ಮಾತು. ಓಬೇದುಲ್ಲಾ ಭಾಯ್ ಗಾಡಿಯನ್ನು ನೋಡಿದರು, ಕದಿರೇಶನ ಮುಖ ನೋಡಿದರು, ತಲೆಗೆ ಟೋಪಿ ಹಾಕಿಕೊಂಡರು.

“ಇವತ್ತು ನನಗೆ ಬೋಣಿ ಬೇಡ. ತನ್ನಿ.”

ಕದಿರೇಶ ತಕ್ಕಡಿಯ ಮೇಲೆ ಉದ್ದನೆಯ ಹಲಗೆ ಇಟ್ಟು, ಅದರ ತೂಕ ಲೆಕ್ಕಕ್ಕೆ ಬಾರದಂತೆ ಅಂಕಿಯನ್ನು ಸೊನ್ನೆಗೆ ತಂದ. ನಾಲ್ವರು ಹಮಾಲಿಗಳು ಅವಳನ್ನೆತ್ತಿ ಮಲಗಿಸಿದರು. ಅವನು ಯಾರ ಕೈಯೂ ಹಲಗೆಗೆ ತಾಗಿಲ್ಲವೆಂದು ಸುತ್ತು ಬಂದು ನೋಡಿದ. ಜೋತುಬಿದ್ದಿದ್ದ ಸೆರಗನ್ನು ಎತ್ತಿ ಅವಳ ಮೇಲೆ ಹಾಕಿದ. ಅಂಕಿಗಳು ಕುಣಿಯಲಿಲ್ಲ; ಉಸಿರಾಡುವವರನ್ನು ನಿಲ್ಲಿಸಿದಾಗ ಮಾತ್ರ ಅವು ಕುಣಿಯುತ್ತವೆ.

ನಲವತ್ತಾರು ಕೆ.ಜಿ. ಒಂಬೈನೂರು.

ಜೀವವಿದ್ದಾಗ ತೂಗಿದ್ದಕ್ಕಿಂತ ಸುಮಾರು ಏಳು ಕಿಲೋ ಹೆಚ್ಚು. ಏಕೆಂದು ಅವನಿಗೆ ತಿಳಿಯಲು ಒಂದು ಗಳಿಗೆಯೂ ಹಿಡಿಯಲಿಲ್ಲ. ನೀರು. ಯಂತ್ರ ತೆಗೆಯದ ನೀರು, ನರಕ್ಕೆ ಬಿಟ್ಟ ನೀರು. ಏನಾದರೂ ಎದ್ದುಹೋಗಿದ್ದರೆ ಅದರ ಲೆಕ್ಕ ಈ ನೀರಿನಡಿ ಮುಳುಗಿತ್ತು. ಏನೂ ಹೋಗದಿದ್ದರೂ ತಕ್ಕಡಿ ತೋರಿಸುವುದು ಇಷ್ಟನ್ನೇ. ಖಾಲಿ ಕ್ರೇಟು ತುಂಬಿದ್ದಕ್ಕಿಂತ ಭಾರವಾದರೆ ಏನನ್ನು ಕಳೆಯಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

“ಏನಂತೋ?” ಎಂದಳು ಶಾಮಲಮ್ಮ. ಬೇಡವೆಂದವಳೇ ಈಗ ಸೆರಗು ಬಾಯಿಗಿಟ್ಟು ಕಾಯುತ್ತಿದ್ದಳು. “ಹೇಳೋ, ಏನಂತೆ?”

“ನೀರು ಅಕ್ಕಾ. ಬರೀ ನೀರು.”

“ಹಂಗಾದ್ರೆ ಅವಳು?”

ಅವನು ಹಲಗೆಯ ಕಡೆ ತಿರುಗಿದ. ಮೊದಲ ತೂಕವಾದ್ದರಿಂದ ನಾಲಿಗೆ ತಾನಾಗಿ ‘ಲಾಭ’ ಎನ್ನಲು ಏಳುತ್ತಿತ್ತು. ಅದನ್ನು ನುಂಗಿದ. ಆದರೆ ಕೂಗಲೇಬೇಕು, ಮಾತು ಕೊಟ್ಟಾಗಿತ್ತು. ಅವಳ ಪ್ರಶ್ನೆಗೆ ಉತ್ತರವಾಗುವ ಅಂಕಿ ತಕ್ಕಡಿಯಲ್ಲಿರಲಿಲ್ಲ. ಊದಿದ ಕೈಯಲ್ಲಿ ಹೂತಿದ್ದ ಬಳೆಗಳನ್ನು ನೋಡಿದ. ಅವುಗಳ ತೂಕವನ್ನು ಅವನು ಈ ಸಲವೂ ಕಳೆದಿರಲಿಲ್ಲ.

ತಕ್ಕಡಿ ತೋರಿಸಿದ್ದನ್ನು ಬಿಟ್ಟು ಬೇರೇನನ್ನೂ ಎಂದೂ ಕೂಗದ ಕದಿರೇಶ, ಕೆಂಪು ಅಂಕಿಗಳಿಗೆ ಬೆನ್ನು ಹಾಕಿದ. ಹತ್ತೊಂಬತ್ತರ ಹುಡುಗಿಯಾಗಿ ಅವಳು ಮೊದಲ ದಿನ ಲಾರಿಯಿಂದಿಳಿದು ನಿಂತಿದ್ದ ಅಂಗಳದ ಆ ತುದಿಗೂ ಕೇಳುವಂತೆ, ಮಂಡಿಯ ಗಂಟಲಿನಲ್ಲಿ, ಒಂದೇ ಸಲ ಕೂಗಿದ:

“ನಲವತ್ತಾರೂವರೆ!”