ಗಂಗಕ್ಕ ಪೂಜೆ ಮಾಡಿದ ಟ್ಯಾರೋ ಡೆಕ್

ಅರವಿಂದ್ ಡಬ್ಬಿಯ ಮುಚ್ಚಳ ತೆಗೆದರು. ಮೇಲಿನ ಕಾರ್ಡಿನ ನಟ್ಟನಡುವೆ ಅರಿಶಿನ, ಅದರ ಮೇಲೆ ದುಂಡಗೆ ಕುಂಕುಮದ ಬೊಟ್ಟು.

ಅದು ನಾನು ಹಚ್ಚಿದ್ದಲ್ಲ.

ನಾನು ಹಳೇ ಟ್ಯಾರೋ ಡೆಕ್‌ಗಳನ್ನು ಕೂಡಿಡುವವಳು. ಟ್ಯಾರೋ ಅಂದರೆ ಭವಿಷ್ಯ ನೋಡುವ ಚಿತ್ರದ ಕಾರ್ಡುಗಳು, ಒಂದು ಕಟ್ಟಿಗೆ ಎಪ್ಪತ್ತೆಂಟು. ಭವಿಷ್ಯ ಹೇಳಲು ನನಗೆ ಬರುವುದಿಲ್ಲ, ನಂಬಿಕೆಯೂ ಇಲ್ಲ. ಹಳೇ ಅಚ್ಚಿನ ಬಣ್ಣ, ಆ ಕಾಗದದ ವಾಸನೆ... ಅಷ್ಟೇ ಹುಚ್ಚು.

ಚಿಕ್ಕಜಾಜೂರು ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ ಕೆಲಸ. ಬಾಡಿಗೆ ಮನೆ, ಒಬ್ಬಳೇ.

ಈ ಹುಚ್ಚಿನ ಬಗ್ಗೆ ಮಾತಾಡಲು ಊರಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಇದ್ದದ್ದು ಹಳೇ ಡೆಕ್ ಕೊಂಡು ಮಾರುವ ಅರವಿಂದ್ ಒಬ್ಬರೇ, ಅವರೂ ಫೋನಿನೊಳಗೆ. ಮೂಲೆ ಸವೆದಿದೆಯಾ, ಅಂಚು ಬೆಳ್ಳಗಾಗಿದೆಯಾ, ಡಬ್ಬಿ ಅದರದ್ದೇನಾ ಎಂದು ವರ್ಷಗಟ್ಟಲೆ ಮೆಸೇಜು. ನಾನು ಅದನ್ನು ಸ್ನೇಹ ಎಂದುಕೊಂಡಿದ್ದೆ.

ಹೊಳಲ್ಕೆರೆಯ ಗುಜರಿ ಅಂಗಡಿಯಲ್ಲಿ ಈ ಇಟಲಿಯ ಡೆಕ್ ಸಿಕ್ಕಾಗ ಮೊದಲು ಹೇಳಿದ್ದೂ ಅವರಿಗೇ. ಒಮ್ಮೆಯೂ ಯಾರೂ ಕಲಸದ ಕಟ್ಟು, ಅಂಥದ್ದು ಸಿಗುವುದೇ ಅಪರೂಪ. ಬಳ್ಳಾರಿಗೆ ಹೋಗುವಾಗ ಹೇಗೂ ನಿಮ್ಮಲ್ಲಿ ರೈಲು ಬದಲಿಸಬೇಕು, ನೋಡಿ ಹೋಗ್ತೀನಿ ಅಂದರು.

ಅವರು ಕೊಳ್ಳಲಿ, ಬಿಡಲಿ. ನನಗೆ ಎದುರಿಗೆ ಕೂತು ಇವನ್ನು ನೋಡುವ ಒಬ್ಬ ಮನುಷ್ಯ ಬೇಕಿತ್ತು. ಬೆಳಿಗ್ಗೆಯೇ ಮಂಡಕ್ಕಿ ಒಗ್ಗರಣೆ ಮಾಡಿ, ಮೆಣಸಿನಕಾಯಿ ಕರಿದು ಕಾದಿದ್ದೆ.

ಅವರು ಆ ಕಾರ್ಡನ್ನು ಟ್ಯೂಬ್‌ಲೈಟಿಗೆ ಓರೆ ಹಿಡಿದು ನೋಡಿದರು. ಉಗುರಿನ ತುದಿಯಿಂದ ಅರಿಶಿನ ಕೆರೆದರು. ಅದು ಕಾಗದದೊಳಗೆ ಇಳಿದಿತ್ತು.

"ಕಂಡೀಷನ್ ಹೋಯ್ತು ಮೇಡಂ. ಮಿಕ್ಕಿದ್ದೆಲ್ಲ ಹೊಸದರ ಹಾಗಿದ್ರೂ ಇದೊಂದರಿಂದ ರೇಟು ಅರ್ಧಕ್ಕರ್ಧ ಬೀಳುತ್ತೆ."

ಉಳಿದ ಡೆಕ್‌ಗಳನ್ನು ತೋರಿಸುತ್ತೇನೆ ಅಂದೆ. ಟ್ರೈನ್ ಬರೋ ಹೊತ್ತಾಯ್ತು ಎಂದು ಬ್ಯಾಗು ಹೆಗಲಿಗೆ ಹಾಕಿಕೊಂಡರು. ತಟ್ಟೆಯ ಕಡೆ ನೋಡಲೂ ಇಲ್ಲ.

ಆ ರೈಲಿಗೆ ಇನ್ನೂ ಎಷ್ಟು ಹೊತ್ತಿದೆ ಅಂತ ನನಗೆ ಗೊತ್ತಿಲ್ಲವಾ? ದಿನವೂ ಅದಕ್ಕೆ ಟಿಕೆಟ್ ಕೊಡುವವಳೇ ನಾನು.

ಡಬ್ಬಿ ಹಿಡಿದು ಉರಿಯುತ್ತಾ ಕೆಳಗಿಳಿದೆ. ಕೆಳಗಿನ ಮನೆಯ ಗಂಗಕ್ಕ ನಮ್ಮ ಓನರ್, ಕುರಿ ಸಾಕುವ ಮನೆಯವರು. ನನ್ನ ಮನೆಯ ಇನ್ನೊಂದು ಕೀ ಇರುವುದು ಅವರ ಹತ್ತಿರವೇ.

"ನಾನೇ ಹಚ್ಚಿದ್ದು" ಅಂದರು, ಮುಖ ಅರಳಿಸಿ. "ಮೊನ್ನೆ ಆಯುಧ ಪೂಜೆ ದಿನ ನೀವು ಡ್ಯೂಟಿಗೆ ಹೋಗಿದ್ರಿ. ನಿಮ್ಮನೆ ಒಂದೇ ಪೂಜೆ ಇಲ್ದೆ ಇರಬಾರ್ದು ಅಂತ ಎಲ್ಲಾದಕ್ಕೂ ಹಚ್ಚಿದೆ. ನಾವು ಉಣ್ಣೆ ಕತ್ರಿಸೋ ಕತ್ರಿಗೂ ಹಚ್ಚಲ್ವೇನ್ರಿ?"

ಮಿಕ್ಸಿ, ಸ್ಕೂಟಿ ಮೇಲಿನದನ್ನು ನೋಡಿದ್ದೆ. ಅರವಿಂದ್ ಬರುವ ತನಕ ಮುಟ್ಟುವುದು ಬೇಡವೆಂದು ಈ ಡಬ್ಬಿಯನ್ನು ಆಮೇಲೆ ತೆಗೆದೇ ಇರಲಿಲ್ಲ, ಅದರೊಳಗೂ ಇರುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಹಚ್ಚಲೇಬೇಕಿದ್ದರೆ ಡಬ್ಬಿ ಮೇಲೆ ಹಚ್ಚಬಹುದಿತ್ತಲ್ಲ ಅಂದೆ.

"ಡಬ್ಬಿ ಏನ್ ಕೆಲ್ಸ ಮಾಡ್ತೈತ್ರಿ? ನೀವು ದಿನಾ ಸಂಜೆ ಕೈಯಾಗೆ ಹಿಡ್ಕಂಡು ಕುಂತಿರೋದು ಆ ಎಲೆ ಅಲ್ವೇನ್ರಿ... ಮೆಟ್ಲ ತಾವಿಂದ ನೋಡ್ತಿರ್ತೀನಿ."

ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ನನ್ನ ಸಂಜೆಗಳನ್ನು ಯಾರೂ ನೋಡುವುದಿಲ್ಲ ಎಂದುಕೊಂಡಿದ್ದೆ.

ಗಂಗಕ್ಕ ಡಬ್ಬಿಯೊಳಗೆ ಇಣುಕಿ ಕೇಳಿದರು, "ಇದನ್ನ ಎಷ್ಟು ಜನ ಕುಂತು ಆಡಾದು?"

ಒಬ್ಬರೇ, ಅಂದೆ.

"ಒಬ್ರೇನಾ? ಅದೆಂಥ ಆಟ್ರಿ ಅದು..."

ನಾನು ಏನಾದರೂ ಹೇಳುತ್ತೇನೇನೋ ಎಂದು ಸ್ವಲ್ಪ ಹೊತ್ತು ನಿಂತಿದ್ದರು. ಆಮೇಲೆ ಮರಿಗಳಿಗೆ ಸೊಪ್ಪು ಹಾಕಲು ಹಿತ್ತಲಿಗೆ ಹೋದರು.

"ಮೇಲೆ ಬರ್ರಿ ಗಂಗಕ್ಕ, ಇಬ್ಬರೂ ಆಡಾನ" ಎಂಬ ಒಂದು ಮಾತು ಹೇಳಲು ನನಗೆ ಯಾಕೆ ಬಾಯಿ ಬರಲಿಲ್ಲ, ನೀವಾದರೂ ಹೇಳಿ?