ದೋಟಿಗೆ ಅಂಟಿಸಿದ ಚೀಟಿ

ನನ್ನ ಭಾವನಿಗೆ ಮೊಣಕೈಯಿಂದ ಕೆಳಗೆ ಬಲಗೈ ಇಲ್ಲ. ಅಕ್ಕ ಬೆಳಿಗ್ಗೆ ಆರಕ್ಕೆಲ್ಲ ಶಿರಸಿಯ ಖಾನಾವಳಿಯೊಂದಕ್ಕೆ ರೊಟ್ಟಿ ಬಡಿಯಲು ಹೋಗುತ್ತಾಳೆ. ಹಾಗಾಗಿ ಭಾವನ ಅಂಗಿಯ ಗುಂಡಿ ಹಾಕುವ ಕೆಲಸ ನನ್ನದಾಯಿತು. ಎಕ್ಕಂಬಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇರುವುದು ಮೂರೇ ಮನೆ. ಎಂಟು ತಿಂಗಳು ಒಂದು ದಿನವೂ ತಪ್ಪಿಸದೆ ಹೋದೆ. ಭಾವ ಗದ್ದ ಮೇಲೆತ್ತಿ ನಿಲ್ಲುತ್ತಿದ್ದರು, ನಾನು ಕೆಳಗಿನಿಂದ ಶುರುಮಾಡಿ ಒಂದೊಂದೇ ಗುಂಡಿ ಹಾಕುತ್ತಿದ್ದೆ. ಹೆಂಡತಿಯ ತಮ್ಮ ಅಂದರೆ ಹೀಗಿರಬೇಕು ಎಂದು ಓಣಿಯವರು ಹೊಗಳುತ್ತಿದ್ದರು. ಆ ಕೈ ಹೋಗಲು ಕಾರಣ ನಾನು. ಅದು ನನ್ನೊಬ್ಬನಿಗೇ ಗೊತ್ತಿತ್ತು.

ನಮ್ಮದು ಗಾಜು ತೊಳೆಯುವ ಕೆಲಸ. ಶಿರಸಿಯಲ್ಲಿ ಈಗ ಬಟ್ಟೆ ಅಂಗಡಿ, ಬ್ಯಾಂಕು, ಲಾಡ್ಜು, ಯಾವುದನ್ನು ನೋಡಿದರೂ ಮುಂಭಾಗ ಪೂರ್ತಿ ಗಾಜು. ಮಳೆಗಾಲ ಮುಗಿಯುವಷ್ಟರಲ್ಲಿ ಅದರ ಮೇಲೆ ಹಸಿರು ಪಾಚಿ, ಬೇಸಿಗೆ ಬಂದರೆ ಕೆಂಪು ಧೂಳು. ಕಟ್ಟಿಸುವ ಪುಣ್ಯಾತ್ಮರಿಗೆ ಇದನ್ನು ತೊಳೆಯುವವರು ಯಾರು ಎಂಬ ಯೋಚನೆಯೇ ಬರುವುದಿಲ್ಲ. ಮೊದಲೆಲ್ಲ ನಾನು ಏಣಿ, ಬಕೆಟ್ಟು, ವೈಪರು ಹಿಡಿದು ಒಬ್ಬನೇ ತಿರುಗುತ್ತಿದ್ದೆ. ಎರಡನೇ ಅಂತಸ್ತಿಗೆ ಹೋಗುವಾಗ ಕೆಳಗೆ ನೋಡುತ್ತಲೇ ಇರಲಿಲ್ಲ. ಆಮೇಲೆ ಮೊಬೈಲಿನಲ್ಲಿ ನೋಡಿ ಬೆನ್ನಿಗೆ ಹಾಕಿಕೊಳ್ಳುವ ಯಂತ್ರವೊಂದನ್ನು ತರಿಸಿದೆ. ಇಪ್ಪತ್ತು ಲೀಟರಿನ ಟ್ಯಾಂಕು, ಅದರೊಳಗೆ ಬ್ಯಾಟರಿಯ ಪಂಪು, ಅಲ್ಲಿಂದ ಒಂದು ಸಣ್ಣ ಪೈಪು. ಒಂದರೊಳಗೊಂದು ಕೂತು ಮೂರು ಮಾಳಿಗೆಯ ಎತ್ತರಕ್ಕೆ ಚಾಚುವ ಕಪ್ಪು ಕೋಲು, ಅದರ ತುದಿಗೆ ಬ್ರಷ್ಷು. ಗುಂಡಿ ಒತ್ತಿದರೆ ನೀರು ಮೇಲೇರಿ ಬ್ರಷ್ಷಿನೊಳಗಿಂದ ಚಿಮ್ಮುತ್ತದೆ. ನಾವು ನೆಲದ ಮೇಲೇ ನಿಂತಿರುತ್ತೇವೆ. ಅದಕ್ಕೆ ಅವರೇನು ಹೆಸರಿಟ್ಟಿದ್ದರೋ, ಅಡಿಕೆ ತೋಟದ ಉದ್ದ ಕೋಲನ್ನು ಕರೆಯುವ ಹಾಗೆ ನಾವು ದೋಟಿ ಎಂದೇ ಕರೆದೆವು.

ಟ್ಯಾಂಕಿಗೆ ಬೋರಿನ ನೀರು ಹಾಕುವಂತಿಲ್ಲ. ಬೋರಿನ ನೀರು ಒಣಗಿದಲ್ಲೆಲ್ಲ ಬಿಳಿ ಚುಕ್ಕೆ ಉಳಿಯುತ್ತದೆ. ಅದಕ್ಕೆಂದೇ ಇರುವ ಫಿಲ್ಟರಿನಲ್ಲಿ ಇಳಿಸಿ, ನೀರಿನ ಉಪ್ಪಿನಂಶ ಅಳೆಯುವ ಪೆನ್ನಿನಂಥ ಮೀಟರು ಅದ್ದಿ, ಅದು ಸೊನ್ನೆ ತೋರಿಸಿದ ಮೇಲೆಯೇ ತುಂಬಬೇಕು. ಅಂಥ ನೀರಿನಲ್ಲಿ ತಿಕ್ಕಿ, ತೊಳೆದು, ಹಾಗೇ ಬಿಟ್ಟು ಬಂದರೆ ಸಾಕು, ಗಾಜು ತಾನೇ ಒಣಗಿ ಫಳಫಳ ಅನ್ನುತ್ತದೆ. ಇದನ್ನು ನಂಬಿದ ಗಿರಾಕಿ ಒಬ್ಬನೂ ಸಿಗಲಿಲ್ಲ. ಒರೆಸದೆ ಹೊರಟಿರಲ್ಲ ಎಂದು ಬ್ಯಾಂಕಿನವರೊಬ್ಬರು ನಮ್ಮನ್ನು ಗೇಟಿನಲ್ಲೇ ತಡೆದು, ಗಾಜು ಒಣಗುವವರೆಗೆ ಕಳ್ಳರನ್ನು ಕೂರಿಸಿದ ಹಾಗೆ ಕೂರಿಸಿದ್ದರು. ಭಾವ ನಕ್ಕುಬಿಟ್ಟರು. ನಾನು ಮನೆ ಮುಟ್ಟುವವರೆಗೂ ಬೈದುಕೊಂಡೆ.

ಭಾವ ನನ್ನ ಜೊತೆಗೆ ಬರುವ ಮೊದಲು ತೋಟಗಳಲ್ಲಿ ಅಡಿಕೆಗೆ ಕೊಳೆರೋಗದ ಔಷಧ ಹೊಡೆಯುತ್ತಿದ್ದರು. ಇಪ್ಪತ್ತು ವರ್ಷ ಅದೇ ಕೆಲಸ. ಉದ್ದ ದೋಟಿಯನ್ನು ನೆಟ್ಟಗೆ ಹಿಡಿದು, ತಲೆ ಮೇಲೆತ್ತಿ ದಿನಗಟ್ಟಲೆ ನಿಲ್ಲುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ಆ ಕೆಲಸ ಬಿಟ್ಟದ್ದು ಹೆದರಿ. ಮತ್ತಿಘಟ್ಟದ ಕಡೆ ಅವರ ಜೊತೆಗಾರನೊಬ್ಬನ ಅಲ್ಯೂಮಿನಿಯಂ ದೋಟಿ ತೋಟದ ಮೇಲೆ ಹಾದ ಕರೆಂಟಿನ ತಂತಿಗೆ ತಾಗಿ, ಅವನು ಭಾವನ ಕಣ್ಣೆದುರೇ ಸತ್ತ. ಅಂದಿನಿಂದ ಅವರು ಲೋಹದ ದೋಟಿ ಮುಟ್ಟಲಿಲ್ಲ. ಮನೆಯಲ್ಲಿದ್ದ ಅಲ್ಯೂಮಿನಿಯಂ ಏಣಿಯನ್ನೂ ಗುಜರಿಗೆ ಹಾಕಿದರು.

ಹಾಗಾಗಿ ನಾನು ಹೊಸ ಕೋಲನ್ನು ಪೆಟ್ಟಿಗೆಯಿಂದ ತೆಗೆದ ದಿನ ಭಾವ ಕೇಳಿದ ಮೊದಲ ಪ್ರಶ್ನೆ ಅದೇ. "ಇದು ಅಲ್ಯೂಮಿನಿಯಂ ಏನ?"

"ಅಲ್ಲ ಭಾವ, ಫೈಬರ್. ಕರೆಂಟ್ ಹಿಡಿಯಂಗಿಲ್ಲ," ಎಂದೆ.

ನಮ್ಮ ಕಡೆ ಎಲ್ಲರೂ ಹೇಳುವುದು ಅದನ್ನೇ. ಅಲ್ಯೂಮಿನಿಯಂ ಕೊಲ್ಲುತ್ತದೆ, ಫೈಬರ್ ಉಳಿಸುತ್ತದೆ. ನಾನೂ ಅದನ್ನೇ ನಂಬಿದ್ದೆ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಕೋಲಿನ ಬುಡದಲ್ಲಿ ಅಂಗೈಯಷ್ಟು ಅಗಲದ ಹಳದಿ ಚೀಟಿಯೊಂದಿತ್ತು. ಅದರಲ್ಲಿ ಇಂಗ್ಲಿಷಿನ ನಾಲ್ಕು ಸಾಲು, ಮೇಲೊಂದು ಚಿತ್ರ. ಕೋಲು ಹಿಡಿದ ಮನುಷ್ಯ, ಮೇಲೊಂದು ತಂತಿ, ನಡುವೆ ಮಿಂಚಿನ ಗುರುತು. ಚಿತ್ರ ಓದಲು ಇಂಗ್ಲಿಷ್ ಬೇಕಾಗಿಲ್ಲ. ಭಾವ ಇದನ್ನು ನೋಡಿದರೆ ಕೋಲು ಮುಟ್ಟುವುದಿಲ್ಲ ಎಂದು ನನಗೆ ಆ ಕ್ಷಣವೇ ಹೊಳೆಯಿತು. ಕಂಪನಿಯವರು ಎಲ್ಲದಕ್ಕೂ ಇಂಥದ್ದೊಂದು ಅಂಟಿಸಿರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಮರುದಿನ ನಮ್ಮ ಹೆಸರು, ಫೋನ್ ನಂಬರು ಇರುವ ನೀಲಿ ಚೀಟಿಗಳು ಅಚ್ಚಾಗಿ ಬಂದವು. ಟ್ಯಾಂಕಿಗೊಂದು ಅಂಟಿಸಿದೆ. ಇನ್ನೊಂದನ್ನು ಸರಿಯಾಗಿ ಆ ಹಳದಿಯ ಮೇಲೆ ಅಂಟಿಸಿ, ಗುಳ್ಳೆ ಏಳದಂತೆ ಹೆಬ್ಬೆರಳಿನಿಂದ ಒತ್ತಿದೆ.

ಒಂದು ವರ್ಷ ಚೆನ್ನಾಗಿಯೇ ನಡೆಯಿತು. ಈ ಕೋಲಿನ ಕೆಲಸದಲ್ಲಿ ಒಂದು ಕಿಟಕಿಯಿಂದ ದೂರದ ಇನ್ನೊಂದಕ್ಕೆ ಹೋಗುವಾಗ ಕೋಲನ್ನು ಮಡಚಿ ಇಳಿಸಬೇಕು. ಭಾವ ಇಳಿಸುತ್ತಿರಲಿಲ್ಲ. ತೋಟದಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಯಾರೂ ದೋಟಿ ಇಳಿಸುವುದಿಲ್ಲ. ಎತ್ತಿ ಹಿಡಿದೇ, ಕಣ್ಣು ತುದಿಯ ಮೇಲಿಟ್ಟು, ಕಾಲಿನಿಂದ ದಾರಿ ತಡವುತ್ತ ನಡೆಯುತ್ತಾರೆ. ಸಿದ್ದಾಪುರದ ಶಾಲೆಯೊಂದರಲ್ಲಿ ಭಾವ ಹಾಗೆ ಅಂಗಳ ಸುತ್ತಿದಾಗ ಮಾಸ್ತರರೆಲ್ಲ ಹೊರಗೆ ಬಂದು ನೋಡುತ್ತ ನಿಂತಿದ್ದರು. ನನಗೂ ಹೆಮ್ಮೆ. ಕೆಲಸ ಅರ್ಧ ಹೊತ್ತಿನಲ್ಲಿ ಮುಗಿಯುತ್ತಿತ್ತು, ಬೇಡ ಎಂದು ಯಾಕೆ ಹೇಳಲಿ.

ಆ ದಿನ ಯಲ್ಲಾಪುರದಲ್ಲಿ ಹೆದ್ದಾರಿ ಪಕ್ಕದ ಲಾಡ್ಜೊಂದರ ಗಾಜು. ಮುಂಭಾಗ ಮುಗಿದಿತ್ತು. ನಾನು ಗಾಡಿಯ ಹತ್ತಿರ ಎರಡನೇ ಕ್ಯಾನಿನ ನೀರಿಗೆ ಮೀಟರು ಅದ್ದುತ್ತಿದ್ದೆ. ಟೈಲ್ಸು ಜಾರುತ್ತದೆ ಎಂದು ಭಾವ ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿದ್ದರು. ದೋಟಿ ಎತ್ತಿ ಹಿಡಿದೇ ಕಟ್ಟಡದ ಮೂಲೆ ತಿರುಗಿದರು. ಅತ್ತ ಗೋಡೆಯ ಮಗ್ಗುಲಲ್ಲೇ ಹೈಟೆನ್ಷನ್ ಲೈನು ಹಾದಿತ್ತು. ಬಟ್ಟೆ ಝಾಡಿಸಿದಂಥ ಒಂದು ಸದ್ದು ಕೇಳಿತು, ಅಷ್ಟೇ. ಓಡಿ ಹೋದಾಗ ಭಾವ ಮಲಗಿದ್ದರು, ಬೆನ್ನಿನ ಪಂಪು ಇನ್ನೂ ಓಡುತ್ತಿತ್ತು, ಬ್ರಷ್ಷಿನಿಂದ ಸಣ್ಣಗೆ ನೀರು ಬರುತ್ತಿತ್ತು. ಕೈಯ ಬಗ್ಗೆ ನಾನು ಬರೆಯುವುದಿಲ್ಲ.

ಲೈನು ಬಂದ್ ಮಾಡಲು ಬಂದ ಲೈನ್‌ಮನ್ ಕೋಲನ್ನು ಕಾಲಿನಿಂದ ಹೊರಳಿಸಿ ನೋಡಿದ. "ಇದು ಕಾರ್ಬನ್ ಫೈಬರ್ ಅಲ್ಲೇನು? ಪೆನ್ಸಿಲ್ ಕಡ್ಡಿನೂ ಕರೆಂಟ್ ಹಿಡೀತೈತಿ. ನಿಮಗ ಯಾರೂ ಹೇಳಿಲ್ಲೇನ್ರಿ?" ಎಂದ. ಇಲ್ಲ ಎಂದು ತಲೆಯಾಡಿಸಿದೆ. ಕೋಲಿನ ಬುಡದಲ್ಲಿ ನಮ್ಮ ನೀಲಿ ಚೀಟಿ ಒಂದಿಷ್ಟೂ ಹರಿಯದೆ ಹಾಗೇ ಇತ್ತು.

ಹುಬ್ಬಳ್ಳಿಗೆ ಒಯ್ದೆವು. ಜೀವ ಉಳಿಯಿತು, ಕೈ ಉಳಿಯಲಿಲ್ಲ. ನೋಡಲು ಬಂದವರೆಲ್ಲ ಒಂದೇ ಮಾತು ಆಡಿದರು. ತೋಟದ ಚಾಳಿ, ದೋಟಿ ಇಳಿಸದೆ ನಡೆದರೆ ಇನ್ನೇನಾಗುತ್ತದೆ ಎಂದು. ಎಚ್ಚರವಾದ ಮೇಲೆ ಭಾವನೂ ಅದನ್ನೇ ಹೇಳಿದರು. "ನಂದೇ ತಪ್ಪು ತಮ್ಮಾ. ಅದನ್ನ ಇಳಿಸಿ ತಿರುಗಬೇಕಿತ್ತು. ನಿನ್ನ ಕೆಲಸಕ್ಕೂ ಕೆಟ್ಟ ಹೆಸರು ತಂದೆ." ನಾನು ಅವರ ಎಡಗೈ ಹಿಡಿದುಕೊಂಡು, ಹಂಗೆಲ್ಲ ಅನಬ್ಯಾಡ್ರಿ ಎಂದೆ. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಮತ್ತೆ ಬರಲಿಲ್ಲ. ಹೇಳಿದರೆ ಅಕ್ಕನ ಮನೆಯ ಬಾಗಿಲು ನನಗೆ ಮುಚ್ಚುತ್ತದೆ ಎಂಬ ಹೆದರಿಕೆ. ಅವರನ್ನು ಬಿಟ್ಟರೆ ನನಗೂ ಯಾರೂ ಇಲ್ಲ. ಆಮೇಲೆ ದಿನಾ ಬೆಳಿಗ್ಗೆ ಗುಂಡಿ ಹಾಕುತ್ತ, ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಿದ್ದೆ. ಹೇಡಿತನ ಎನ್ನುವುದಕ್ಕೆ ಬೇರೆ ಹೆಸರು ನನಗೆ ಗೊತ್ತಿಲ್ಲ.

ಎಂಟನೇ ತಿಂಗಳಲ್ಲಿ ಒಂದು ಭಾನುವಾರ ವಾನಳ್ಳಿಯ ತೋಟದವರೊಬ್ಬರು ಎಕ್ಕಂಬಿಗೆ, ಅಕ್ಕನ ಮನೆಗೆ ಬಂದರು. ಆ ಕೋಲಿನಲ್ಲಿ ಲೈನಿಗೆ ತಾಗಿದ ಮೇಲಿನ ತುಂಡು ಸೀಳಿಹೋಗಿತ್ತು, ಉಳಿದ ತುಂಡುಗಳು ಗಟ್ಟಿಯಾಗಿದ್ದವು. ಮನೆಯಲ್ಲಿ ಅದು ಕಣ್ಣಿಗೆ ಬೀಳುವುದೇ ಬೇಡ ಎಂದು ಅಕ್ಕ ಯಾರಿಗೋ ಹೇಳಿ, ಅವರು ಇನ್ಯಾರಿಗೋ ಹೇಳಿ, ಇವರು ಔಷಧ ಹೊಡೆಯಲು ಅದನ್ನು ಕೊಳ್ಳಲು ಬಂದಿದ್ದರು. ಯಲ್ಲಾಪುರದಲ್ಲಿ ನಡೆದದ್ದು ಅವರಿಗೆ ಗೊತ್ತಿರಲಿಲ್ಲ. ಅಂಗಳದಲ್ಲಿ ಕೋಲು ಚಾಚಿ, ಎತ್ತಿ, ಭಾರ ನೋಡಿದರು. ಖುಷಿಯಾಗಿ ಮನೆಗೆ ಫೋನು ಹಚ್ಚಿ, ತಮ್ಮ ಮನೆಮಾತಿನಲ್ಲಿ, "ದೋಟಿ ಚೊಲೊ ಇದ್ದು, ಆನು ತಗಂಡೇ ಬತ್ತೆ," ಎಂದರು. ನಂತರ ಕಟ್ಟೆಯ ಮೇಲೆ ಕೂತಿದ್ದ ಭಾವನ ಕಡೆ ತಿರುಗಿದರು. "ನಮ್ಮ ತೋಟದ ಮೇಲೆ ಲೈನ್ ಹೋಗ್ತದೆ ಮಾರಾಯ್ರೆ. ಫೈಬರ್ ಅಲ್ವಾ, ಹೆದರಿಕೆ ಎಂತ ಇಲ್ಲ ಅಲ್ದಾ?"

ಭಾವ ತೋಳಿನ ತುದಿಯ ಮೇಲೆ ಟವೆಲ್ಲು ಎಳೆದುಕೊಂಡರು. "ಲೈನಿನ ಹತ್ತಿರ ಒಯ್ಯಬ್ಯಾಡ್ರಿ, ಒಯ್ದು ನಾನು ಹಿಂಗಾಗೇನಿ. ಆದ್ರ ಕರೆಂಟ್ ಹಿಡದದ್ದು ಈ ಕೋಲೋ, ಒಳಗಿನ ನೀರೋ, ನಮ್ಮ ತಮ್ಮನ್ನ ಕೇಳ್ರಿ. ತಂದಾಂವ ಅವನೇ, ಅವಂಗ ಎಲ್ಲಾ ಗೊತ್ತೈತಿ."

ಇಬ್ಬರೂ ನನ್ನನ್ನು ನೋಡಿದರು. ಅಕ್ಕ ಒಳಗಿಂದ ಚಹಾ ತಂದು ಹೊಸ್ತಿಲಲ್ಲಿ ನಿಂತಿದ್ದಳು. ಮಾತಿನಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಕೋಲನ್ನು ಅವರ ಕೈಯಿಂದ ತೆಗೆದುಕೊಂಡು ಕುಕ್ಕರಗಾಲಿನಲ್ಲಿ ಕೂತು, ಬುಡದ ನೀಲಿ ಚೀಟಿಯನ್ನು ಉಗುರಿನಿಂದ ಕೆರೆದೆ. ಚೆನ್ನಾಗಿ ಅಂಟಿಸಿದ್ದೆನಲ್ಲ, ಬಹಳ ಹೊತ್ತು ಹಿಡಿಯಿತು. ಚೂರು ಚೂರಾಗಿ ಕಿತ್ತು ಬಂತು. ಕೆಳಗಿನ ಹಳದಿ ಹೊಸದರ ಹಾಗೇ ಇತ್ತು. ಕೋಲು ಹಿಡಿದ ಮನುಷ್ಯ, ತಂತಿ, ಮಿಂಚು.

ವಾನಳ್ಳಿಯವರು ಬಗ್ಗಿ ನೋಡಿದರು. ಭಾವನ ಕೈ ನೋಡಿದರು. ಚಪ್ಪಲಿ ಮೆಟ್ಟಿಕೊಂಡು ಹೋದರು.

"ಇದು ಮೊದಲಿಂದನೂ ಇತ್ತೇನು?" ಭಾವ ಕೇಳಿದರು.

"ಇತ್ತು."

"ಮ್ಯಾಲೆ ಅಂಟಿಸಿದ್ದು ನೀನೇ ಏನು?"

"ಹೌದು ಭಾವ. ನೀವು ನೋಡಿದ್ರ ಕೆಲಸಕ್ಕ ಬರಂಗಿಲ್ಲ ಅಂತ..."

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬಹಳ ಮೆತ್ತಗೆ, ಲೆಕ್ಕ ತಪ್ಪಿದವರ ಹಾಗೆ ಹೇಳಿದರು. "ಎಂಟು ತಿಂಗಳಾತು ತಮ್ಮಾ. ಆ ಮೂಲಿ ನಾ ಯಾಕ ಹಂಗ ತಿರುಗಿದೆ ಅಂತ ದಿನಾ ನನ್ನನ್ನ ನಾನೇ ಬೈಕೊಂಡೇನಿ. ನಿನ್ನ ಮುಂದೆನೇ ಬೈಕೊಂಡೇನಿ. ನೀ ಗುಂಡಿ ಹಾಕ್ಕೋತ ಕೇಳ್ಕೋತ ನಿಂತಿದ್ದಿ."

ಅಕ್ಕ ಚಹಾದ ಲೋಟಗಳನ್ನು ಹಾಗೇ ಒಳಗೆ ಒಯ್ದಳು.

ಮರುದಿನ ಬೆಳಿಗ್ಗೆ, ಹೋಗಬಾರದು ಎಂದುಕೊಂಡರೂ, ಕಾಲು ಅಭ್ಯಾಸದಂತೆ ಅತ್ತ ನಡೆಯಿತು. ಬಾಗಿಲು ತೆರೆದೇ ಇತ್ತು. ಭಾವ ಆಗಲೇ ಅಂಗಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಎಡಗೈಯೊಂದರಲ್ಲೇ ಎಷ್ಟು ಹೊತ್ತು ಒದ್ದಾಡಿದ್ದರೋ, ಹಣೆಯಲ್ಲಿ ಬೆವರಿತ್ತು. ಗುಂಡಿಗಳೆಲ್ಲ ಒಂದೊಂದು ಕಾಜ ತಪ್ಪಿ, ಅಂಗಿ ಒಂದು ಕಡೆಗೆ ಎಳೆದಿತ್ತು. ಸರಿಮಾಡಲೆಂದು ನಾನು ಕೈ ಮುಂದೆ ಚಾಚಿದೆ.

"ಬ್ಯಾಡ," ಎಂದರು.