ಸೀಬೆಮರದ ಆಟ

ಲಕ್ವ ಹೊಡೆದು ಎಡಗೈ ಸ್ವಾಧೀನ ತಪ್ಪಿದಾಗ, ಜಯನಗರದ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ನನ್ನ ಕಣ್ಣಿಗೆ ದಪ್ಪ ಕನ್ನಡಕ ಕಟ್ಟಿ ಆಟ ಆಡಿಸುತ್ತಿದ್ದರು. ವರ್ಚುವಲ್ ರಿಯಾಲಿಟಿ ಅಂತೆ. ಕನ್ನಡಕದೊಳಗೊಂದು ಸೀಬೆಮರ; ಎಡಗೈ ಚಾಚಿ ಕಾಯಿ ಕೀಳಬೇಕು. ಎರಡೇ ತಿಂಗಳಲ್ಲಿ ಇಡೀ ಮರ ಬೋಳಿಸಿದೆ. ಪಕ್ಕದಲ್ಲಿ ಕೂತ ಹೆಂಡತಿ ಚಪ್ಪಾಳೆ ತಟ್ಟುತ್ತಿದ್ದಳು. ಮನೆಯಲ್ಲೂ ಆ ಕೈಯಲ್ಲೇ ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದೆ. ಪದ್ಮನಾಭನಗರದ ನೆಂಟರಿಗೆಲ್ಲ ಫೋನು ಮಾಡಿ ಕೊಚ್ಚಿಕೊಂಡೆ.

ಒಂದು ದಿನ ಹೊಸದಾಗಿ ಬಂದ ಥೆರಪಿಸ್ಟ್ ನನ್ನ ಎದೆಯನ್ನು ಬೆಲ್ಟಿನಿಂದ ಕುರ್ಚಿಗೆ ಬಿಗಿದಳು. ಒಂದು ಕಾಯಿಯೂ ಸಿಗಲಿಲ್ಲ.

"ಇಷ್ಟು ದಿನ ನೀವು ಸೊಂಟ ಬಗ್ಗಿಸಿ ಮುಂದಕ್ಕೆ ವಾಲ್ತಿದ್ರಿ ಸಾರ್, ಕೈ ಚಾಚ್ತಿರ್ಲಿಲ್ಲ. ಕನ್ನಡಕ ಹಾಕಿದ್ರೆ ನಿಮಗದು ಕಾಣಲ್ಲ."

ನನಗೆ ಕಾಣಲ್ಲ, ಸರಿ. ಪಕ್ಕದಲ್ಲಿ ಕೂತವಳಿಗೆ?

ಆಟೋದಲ್ಲಿ ಕೇಳಿಯೇಬಿಟ್ಟೆ. "ಮೊದಲ ದಿನಾನೇ ಗೊತ್ತಾಯ್ತು. ನೀವು ನಗ್ತಿದ್ರಲ್ಲ, ಅದಕ್ಕೇ ಹೇಳಲಿಲ್ಲ," ಅಂದಳು. ನನಗೆ ಮೈಯೆಲ್ಲ ಉರಿದುಹೋಯ್ತು. ಮನೆ ಮುಟ್ಟುವವರೆಗೂ ಅವಳ ಮುಖ ನೋಡಲಿಲ್ಲ.

ಮನೆಗೆ ಬಂದವನಿಗೆ ಇನ್ನೊಂದು ಅನುಮಾನ ಹುಟ್ಟಿತು. ಅಂಗಿ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ಗುಂಡಿ ತೂರಿಸುವ ಒಂದೊಂದು ಕಾಜವನ್ನೂ ಅವಳು ಬ್ಲೇಡಿನಿಂದ ಸೀಳಿ ದೊಡ್ಡದು ಮಾಡಿ, ಗೊತ್ತಾಗದ ಹಾಗೆ ಅಂಚು ಹೊಲಿದಿದ್ದಳು.